ಗಾಜಿನ ದೋಷ ಹುಡುಕುವ ಯಂತ್ರದ ಕಣ್ಣು

ಮನೆಯೊಳಗೆ ಒಂದು ಸುತ್ತು ಬಂದು ಎಲ್ಲೆಲ್ಲಿ ಗಾಜು ಇದೆ ಎಂದು ಎಣಿಸಿ ನೋಡಿ. ಕಿಟಕಿಗಳಿಗೆ ಗಾಜು, ಕಪಾಟಿನ ಬಾಗಿಲಿಗೆ ಆಳೆತ್ತರದ ಕನ್ನಡಿ, ಕೈ ತೊಳೆಯುವಲ್ಲಿ ಇನ್ನೊಂದು ಕನ್ನಡಿ, ಷೋಕೇಸಿನ ಜಾರು ಬಾಗಿಲು, ಊಟದ ಮೇಜಿನ ಮೇಲೆ ದಪ್ಪ ಗಾಜು, ಗೋಡೆಯಲ್ಲಿ ತೂಗುಹಾಕಿದ ಚಿತ್ರದ ಚೌಕಟ್ಟು. ಈಗೀಗ ಗ್ಯಾಸ್ ಒಲೆಯ ಮೇಲ್ಭಾಗವೂ ಗಾಜೇ. ಇಷ್ಟನ್ನೂ ವಾರಕ್ಕೊಮ್ಮೆ ಒರೆಸುವವರು ನಾವು. ಆದರೂ ಗಾಜನ್ನು ನಾವು ನೋಡುವುದು ಕಡಿಮೆ. ಅದರ ಆಚೆಗಿರುವುದನ್ನು ನೋಡುತ್ತೇವೆ, ಅದರಲ್ಲಿ ಕಾಣುವ ನಮ್ಮ ಮುಖವನ್ನು ನೋಡುತ್ತೇವೆ. ಗಾಜು ಚೆನ್ನಾಗಿದ್ದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬಿತ್ತೆಂದರೆ ಅದರ ಮೇಲೆ ಧೂಳಿದೆ, ಇಲ್ಲವೇ ಅದರಲ್ಲೇನೋ ದೋಷವಿದೆ ಎಂದರ್ಥ.

ಧೂಳನ್ನು ನಾವು ಒರೆಸುತ್ತೇವೆ. ದೋಷವನ್ನು ಹುಡುಕುವವರು ಯಾರು? ಒಂದು ಕಾಲದಲ್ಲಿ ಕಾರ್ಖಾನೆಗಳಲ್ಲಿ ಮನುಷ್ಯರು ಕೂತು ಹುಡುಕುತ್ತಿದ್ದರು. ಈಗ ದೊಡ್ಡ ಕಾರ್ಖಾನೆಗಳಲ್ಲಿ ಆ ಕೆಲಸ ಕ್ಯಾಮೆರಾ ಮತ್ತು ಕಂಪ್ಯೂಟರಿನ ಪಾಲಿಗೆ ಬಂದಿದೆ. ಆ ಯಂತ್ರದ ಕಣ್ಣು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಎಂಬುದು ನಮ್ಮ ಅಡುಗೆ ಮನೆಗೂ ಸಂಬಂಧಪಟ್ಟ ವಿಷಯ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ತವರದ ಮೇಲೆ ತೇಲುವ ಗಾಜು

ಹಳೆಯ ಮನೆಗಳ ಕಿಟಕಿ ಗಾಜಿನ ಮೂಲಕ ಅಂಗಳದ ತೆಂಗಿನ ಮರವನ್ನು ನೋಡಿದವರಿಗೆ ನೆನಪಿರಬಹುದು. ತಲೆಯನ್ನು ಸ್ವಲ್ಪ ಆಚೀಚೆ ಮಾಡಿದರೆ ಸಾಕು, ಗಾಳಿಯಿಲ್ಲದಿದ್ದರೂ ಮರ ಬಳುಕುತ್ತಿತ್ತು. ಅಗ್ಗದ ಕನ್ನಡಿಯಲ್ಲಂತೂ ಒಂದು ಕೆನ್ನೆ ಉದ್ದ, ಇನ್ನೊಂದು ಕೆನ್ನೆ ಅಗಲ. ಆಗಿನ ಗಾಜನ್ನು ಕಾದ ದ್ರವದಿಂದ ಹಾಳೆಯಂತೆ ಮೇಲಕ್ಕೆ ಎಳೆದು ತೆಗೆಯುತ್ತಿದ್ದರು. ಎಳೆಯುವಾಗ ದಪ್ಪ ಒಂದೇ ಸಮನೆ ಬರುತ್ತಿರಲಿಲ್ಲ, ಅಲೆಯಲೆಯಾಗಿ ಬರುತ್ತಿತ್ತು. ಅಲೆಯಿಲ್ಲದ ಗಾಜು ಬೇಕೆಂದರೆ ದಪ್ಪಗೆ ಎರಕ ಹೊಯ್ದು, ಎರಡೂ ಬದಿಗಳನ್ನು ಮರಳಿನಿಂದ ಉಜ್ಜಿ, ಆಮೇಲೆ ಹೊಳಪು ಕೊಡಬೇಕಿತ್ತು. ಅದು ಸಿರಿವಂತರ ಕನ್ನಡಿಗೂ ದೊಡ್ಡ ಅಂಗಡಿಗಳ ಮುಂಬಾಗಿಲಿಗೂ ಮಾತ್ರ ಎಟಕುವ ಗಾಜು.

ಇದನ್ನು ಬದಲಾಯಿಸಿದವರು ಅಲಸ್ಟೇರ್ ಪಿಲ್ಕಿಂಗ್ಟನ್ ಎಂಬ ಇಂಜಿನಿಯರ್. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣದ ಪಿಲ್ಕಿಂಗ್ಟನ್ ಬ್ರದರ್ಸ್ ಎಂಬ ಗಾಜಿನ ಕಂಪೆನಿಯಲ್ಲಿ ಅವರಿಗೆ ಕೆಲಸ. ಹೆಸರು ಒಂದೇ ಆದರೂ ಮಾಲಕರ ಕುಟುಂಬದೊಂದಿಗೆ ಅವರಿಗೆ ಹತ್ತಿರದ ನೆಂಟಸ್ತಿಕೆ ಇರಲಿಲ್ಲ. ಕಾದ ಗಾಜನ್ನು ಕರಗಿದ ಲೋಹದ ಮೇಲೆ ಹರಿಯಬಿಟ್ಟರೆ ನೀರಿನ ಮೇಲೆ ಎಣ್ಣೆ ಹರಡಿದಂತೆ ತಾನಾಗಿಯೇ ಸಮತಟ್ಟಾಗಿ ಹರಡಬೇಕಲ್ಲವೇ ಎಂಬುದು 1952ರಲ್ಲಿ ಅವರಿಗೆ ಹೊಳೆದ ಉಪಾಯ. ಉಪಾಯ ಸುಲಭವಾಗಿತ್ತು, ಸಾಧಿಸಲು ಏಳು ವರ್ಷ ಹಿಡಿಯಿತು. ದೊಡ್ಡ ಪ್ರಮಾಣದ ಯಂತ್ರ ನಡೆಯತೊಡಗಿದ ಮೇಲೂ ಹದಿನಾಲ್ಕು ತಿಂಗಳ ಕಾಲ ಬಂದದ್ದೆಲ್ಲ ಮಾರಲಾಗದ ಗಾಜೇ. ಕೊನೆಗೆ 1959ರ ಜನವರಿಯಲ್ಲಿ ಕಂಪೆನಿ ಈ ವಿಧಾನವನ್ನು ಜಗತ್ತಿಗೆ ಪ್ರಕಟಿಸಿತು. ತೇಲಿಸಿ ಮಾಡಿದ್ದರಿಂದ ಅದಕ್ಕೆ ಫ್ಲೋಟ್ ಗಾಜು ಎಂದೇ ಹೆಸರಾಯಿತು. ಇಂದು ನಮ್ಮ ಕಿಟಕಿ, ಕನ್ನಡಿ, ಕಾರು, ಮೇಜು ಎಲ್ಲಕ್ಕೂ ಬರುವುದು ಹೆಚ್ಚಾಗಿ ಇದೇ ಗಾಜು.

ಅವರು ಆರಿಸಿಕೊಂಡ ಲೋಹ ತವರ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರು ಬೀದಿಗೆ ಬರುತ್ತಿದ್ದ ಕಾಲವನ್ನು ಕಂಡವರಿಗೆ ತವರದ ಗುಣ ಗೊತ್ತು. ಕಾದ ಪಾತ್ರೆಗೆ ಮುಟ್ಟಿಸಿದೊಡನೆ ಬೆಣ್ಣೆಯಂತೆ ಕರಗಿ ಬೆಳ್ಳಗೆ ಹರಡಿಕೊಳ್ಳುತ್ತಿತ್ತು. 232 ಡಿಗ್ರಿ ಸೆಲ್ಸಿಯಸ್‌ಗೇ ಅದು ಕರಗುತ್ತದೆ, ಸಾವಿರ ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಗಾಜಿಗಿಂತ ಬಹಳ ಭಾರವಾದ್ದರಿಂದ ಗಾಜು ಅದರ ಮೇಲೆ ತೇಲುತ್ತದೆ.

ಸಿಲಿಕಾ ಮರಳು, ಸೋಡಾ, ಸುಣ್ಣಕಲ್ಲು, ಡಾಲಮೈಟ್ ಮತ್ತು ಒಡೆದ ಗಾಜಿನ ಚೂರುಗಳನ್ನು ಒಟ್ಟು ಸೇರಿಸಿ ಸುಮಾರು 1,500 ಡಿಗ್ರಿಯ ಕುಲುಮೆಯಲ್ಲಿ ಕರಗಿಸುತ್ತಾರೆ. ಆ ದ್ರವ ಸುಮಾರು 1,100 ಡಿಗ್ರಿ ಬಿಸಿಯಲ್ಲಿ ತವರದ ಕೊಳಕ್ಕೆ ಇಳಿಯುತ್ತದೆ. ಗಾಳಿ ತಾಗಿ ತವರ ಕಿಲುಬು ಹಿಡಿಯದಂತೆ ಒಳಗೆ ನೈಟ್ರೋಜನ್ ಮತ್ತು ಸ್ವಲ್ಪ ಹೈಡ್ರೋಜನ್ ತುಂಬಿರುತ್ತಾರೆ. ಕೊಳದ ಇನ್ನೊಂದು ತುದಿಯಲ್ಲಿ ಸುಮಾರು 600 ಡಿಗ್ರಿಗೆ ಇಳಿದು ಗಟ್ಟಿಯಾದ ಗಾಜಿನ ಪಟ್ಟಿ ಹೊರಬರುತ್ತದೆ. ಮುಂದೆ ನೂರು ಮೀಟರಿಗೂ ಉದ್ದದ ಸುರಂಗದಂಥ ಒಲೆಯೊಳಗೆ ಉರುಳೆಗಳ ಮೇಲೆ ಸಾಗುತ್ತಾ ನಿಧಾನವಾಗಿ ತಣಿಯುತ್ತದೆ. ಅವಸರದಲ್ಲಿ ತಣಿಸಿದರೆ ಒಳಗೆ ಬಿಗಿತ ಉಳಿದು, ಕತ್ತರಿಸುವಾಗ ಬೇಕಾದಂತೆ ತುಂಡಾಗುವುದಿಲ್ಲ.

ಈ ಕುಲುಮೆಗೆ ಒಮ್ಮೆ ಬೆಂಕಿ ಕೊಟ್ಟರೆ ಹತ್ತು ಹದಿನೈದು ವರ್ಷ ಆರಿಸುವಂತಿಲ್ಲ. ಹಗಲಿಲ್ಲ, ಇರುಳಿಲ್ಲ, ಹಬ್ಬದ ರಜೆಯಿಲ್ಲ, ಗಾಜು ಹರಿಯುತ್ತಲೇ ಇರುತ್ತದೆ. ನಮಗೆ ಹತ್ತಿರದ ಉದಾಹರಣೆ ಚೆನ್ನೈ ಸಮೀಪದ ಶ್ರೀಪೆರಂಬುದೂರಿನದು. 1665ರಲ್ಲಿ ಫ್ರಾನ್ಸಿನ ಅರಸನ ಕನ್ನಡಿ ಕಾರ್ಖಾನೆಯಾಗಿ ಹುಟ್ಟಿದ ಸೇಂಟ್ ಗೋಬೈನ್ ಸಂಸ್ಥೆ 2000ದಲ್ಲಿ ಅಲ್ಲಿ ಫ್ಲೋಟ್ ಗಾಜಿನ ಕಾರ್ಖಾನೆ ತೆರೆಯಿತು.

ಒಂದು ಸಣ್ಣ ಲೆಕ್ಕ ಮಾಡೋಣ. ದಿನಕ್ಕೆ 600 ಟನ್ ಗಾಜು ಕರಗಿಸುವ ಕಾರ್ಖಾನೆಯಲ್ಲಿ 3.5 ಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಪಟ್ಟಿ ಹೊರಬರುತ್ತಿದೆ ಎಂದಿಟ್ಟುಕೊಳ್ಳಿ. ಅದು ನಿಮಿಷಕ್ಕೆ 12 ಮೀಟರಿನಷ್ಟು ಓಡುತ್ತದೆ. ಒಂದು ಹಗಲು ಒಂದು ಇರುಳು ಕಳೆಯುವಾಗ 17 ಕಿಲೋಮೀಟರ್ ಆಯಿತು. ಇಷ್ಟುದ್ದದ ಗಾಜಿನ ರಸ್ತೆಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುಳ್ಳೆಯನ್ನು ಹುಡುಕಬೇಕು. ಅದೂ ರಸ್ತೆಯೇ ಓಡುತ್ತಿರುವಾಗ.

ಗುಳ್ಳೆ, ಕಲ್ಲು, ಅಲೆ

ದೋಷಗಳಲ್ಲೂ ಜಾತಿಗಳಿವೆ. ಕುಲುಮೆಯಲ್ಲಿ ಹುಟ್ಟಿದ ಅನಿಲ ಪೂರ್ತಿ ಹೊರಹೋಗದೆ ಒಳಗೆ ಸಿಕ್ಕಿಬಿದ್ದರೆ ಅದು ಗುಳ್ಳೆ. ಕರಗದೆ ಉಳಿದ ಮರಳಿನ ಕಣವೋ ಕುಲುಮೆಯ ಗೋಡೆಯ ಇಟ್ಟಿಗೆಯಿಂದ ಕಳಚಿದ ಚೂರೋ ಸೇರಿಕೊಂಡರೆ ಅದಕ್ಕೆ ಕಲ್ಲು ಎನ್ನುತ್ತಾರೆ, ನಾವು ಅಕ್ಕಿಯಲ್ಲಿ ಕಲ್ಲು ಎನ್ನುವಂತೆಯೇ. ತವರದ ಕೊಳದ ಛಾವಣಿಯಲ್ಲಿ ಆವಿ ಗಟ್ಟಿಯಾಗಿ ಕೆಳಗೆ ಉದುರಿದರೆ ಗಾಜಿನ ಮೇಲ್ಮೈಯಲ್ಲಿ ತವರದ ಚುಕ್ಕೆ. ಉರುಳೆ ಉಜ್ಜಿದರೆ ಅಡಿಯಲ್ಲಿ ಗೀರು. ಇವೆಲ್ಲ ಒಂದು ಕಡೆ ಕೂತ ದೋಷಗಳು. ಇನ್ನೊಂದು ಬಗೆ ಹರಡಿಕೊಂಡಿರುತ್ತದೆ. ದ್ರವ ಸರಿಯಾಗಿ ಬೆರೆಯದಿದ್ದರೆ ಅಥವಾ ದಪ್ಪ ಎಳ್ಳಷ್ಟು ಹೆಚ್ಚು ಕಡಿಮೆಯಾದರೆ ಆಚೆಗಿನ ದೃಶ್ಯ ಡೊಂಕಾಗುತ್ತದೆ, ಹಳೆಯ ಕಿಟಕಿಯ ತೆಂಗಿನ ಮರದ ಹಾಗೆ.

ಈ ಡೊಂಕನ್ನು ಪರೀಕ್ಷಿಸಲು ಒಂದು ಹಳೆಯ ಉಪಾಯವಿದೆ. ಬಿಳಿಯ ಹಲಗೆಯ ಮೇಲೆ ಓರೆಯಾಗಿ ಕಪ್ಪು ಪಟ್ಟೆಗಳನ್ನು ಎಳೆದಿರುತ್ತಾರೆ. ಅದರ ಹೆಸರೇ ಝೀಬ್ರಾ ಹಲಗೆ. ಅದರ ಮುಂದೆ ಗಾಜಿನ ತುಂಡನ್ನು ನಿಲ್ಲಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗುತ್ತಾರೆ. ಯಾವ ಕೋನದಲ್ಲಿ ಪಟ್ಟೆಗಳು ಅಂಕುಡೊಂಕಾಗಿ ಕಾಣತೊಡಗುತ್ತವೆ ಎಂಬುದರ ಮೇಲೆ ಗಾಜಿನ ಯೋಗ್ಯತೆ ನಿರ್ಧಾರ. ಇದನ್ನು ನೀವು ಮನೆಯಲ್ಲೇ ಮಾಡಬಹುದು. ಕಿಟಕಿಯ ಎದುರು ನೇರ ನಿಲ್ಲದೆ ಪಕ್ಕಕ್ಕೆ ಸರಿದು, ಗಾಜಿನ ಮೂಲಕ ಓರೆಯಾಗಿ ಎದುರು ಮನೆಯ ಗ್ರಿಲ್ಲನ್ನೋ ವಿದ್ಯುತ್ ತಂತಿಯನ್ನೋ ನೋಡಿ. ಗೆರೆ ಗೆರೆಯಾಗಿಯೇ ಉಳಿದರೆ ಗಾಜು ಒಳ್ಳೆಯದು.

ಕತ್ತಲ ಕೋಣೆಯ ಕೆಲಸ

ಯಂತ್ರ ಬರುವ ಮೊದಲು ಇದಕ್ಕೆಂದೇ ಕೆಲಸಗಾರರಿದ್ದರು. ಹೊರಗಿನ ಬೆಳಕು ಬೀಳದಂತೆ ಮರೆ ಮಾಡಿದ ಗೂಡಿನಂಥ ಕೋಣೆಯಲ್ಲಿ ಕೂತು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಾದುಹೋಗುವ ಗಾಜನ್ನು ದಿಟ್ಟಿಸುವುದು, ದೋಷ ಕಂಡಲ್ಲಿ ಗುರುತು ಹಾಕುವುದು. ಕೇಳುವಾಗ ಆರಾಮದ ಕೆಲಸದಂತೆ ಅನಿಸುತ್ತದೆ. ಕೂತವರಿಗೇ ಗೊತ್ತು ಅದರ ಕಷ್ಟ. ನೂರಾರು ಮೀಟರ್ ಗಾಜಿನಲ್ಲಿ ಏನೂ ಇರುವುದಿಲ್ಲ. ಕಣ್ಣು ಆಕಳಿಸುವ ಹೊತ್ತಿಗೇ ಗುಳ್ಳೆ ಹಾದುಹೋಗಿರುತ್ತದೆ. ಗಾಜು ಹಿಂದಕ್ಕೆ ಬರುವುದಿಲ್ಲ, ನಿಲ್ಲಿಸಿ ಇನ್ನೊಮ್ಮೆ ನೋಡುವಂತೆಯೂ ಇಲ್ಲ.

ಮನುಷ್ಯನ ಕಣ್ಣಿನ ಈ ಸೋಲನ್ನು ಅಳೆದು ತೋರಿಸಿದವರು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆಯ ಮುಂದೆ ಕೂತ ಬ್ರಿಟಿಷ್ ವಾಯುಪಡೆಯ ಸಿಬ್ಬಂದಿ ಕಾಣಬೇಕಾದ ಗುರುತನ್ನು ಕಾಣದೆ ಬಿಡುತ್ತಿದ್ದರು. ಯಾಕೆಂದು ತಿಳಿಯಲು ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಹಾಕುತ್ತಾ ಎಂದಾದರೊಮ್ಮೆ ಮಾತ್ರ ಎರಡು ಹೆಜ್ಜೆ ಜಿಗಿಯುತ್ತಿತ್ತು. ಆ ಜಿಗಿತವನ್ನು ಗಮನಿಸಿ ಹೇಳಬೇಕು, ಅಷ್ಟೇ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಗಮನ ಇಳಿಯುತ್ತದೆ. ಇದು ಸೋಮಾರಿತನವಲ್ಲ, ಅಪ್ರಾಮಾಣಿಕತೆಯೂ ಅಲ್ಲ. ಕಣ್ಣು ತೆರೆದೇ ಇರುತ್ತದೆ, ಮನಸ್ಸು ಕಾಣುವುದನ್ನು ನಿಲ್ಲಿಸುತ್ತದೆ. ಪರೀಕ್ಷೆಯ ಕಾಲದಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕೂರುವ ನಮ್ಮ ವೃತ್ತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂದರ್ಭದಲ್ಲಿ ಇಬ್ನುಲ್ ಹೈಥಮ್ ನೆನಪಾಗುತ್ತಾರೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಈ ವಿದ್ವಾಂಸರು ಹನ್ನೊಂದನೇ ಶತಮಾನದ ಆರಂಭದಲ್ಲಿ ಬರೆದ ‘ಕಿತಾಬುಲ್ ಮನಾಝಿರ್’ ದೃಷ್ಟಿ ಮತ್ತು ಬೆಳಕಿನ ಬಗೆಗಿನ ಏಳು ಭಾಗಗಳ ಗ್ರಂಥ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ತಾಗುತ್ತದೆ ಎಂದು ಅನೇಕರು ನಂಬಿದ್ದ ಕಾಲದಲ್ಲಿ, ವಸ್ತುವಿನಿಂದ ಬೆಳಕು ಬಂದು ಕಣ್ಣನ್ನು ಸೇರುವುದರಿಂದಲೇ ನಮಗೆ ಕಾಣುತ್ತದೆ ಎಂದು ಅವರು ವಾದಿಸಿದರು. ಅದರ ಮೂರನೇ ಭಾಗವನ್ನು ಅವರು ದೃಷ್ಟಿಯ ತಪ್ಪುಗಳಿಗೇ ಮೀಸಲಿಟ್ಟಿದ್ದಾರೆ. ಸರಿಯಾಗಿ ಕಾಣಬೇಕಾದರೆ ತಕ್ಕ ಅಂತರ, ತಕ್ಕ ಕೋನ, ತಕ್ಕ ಬೆಳಕು, ವಸ್ತುವಿಗೆ ತಕ್ಕಷ್ಟು ಗಾತ್ರ, ನೋಡಲು ತಕ್ಕಷ್ಟು ಸಮಯ, ಆರೋಗ್ಯವಂತ ಕಣ್ಣು, ಹೀಗೆ ಎಂಟು ಷರತ್ತುಗಳನ್ನು ಅವರು ಎಣಿಸುತ್ತಾರೆ. ಒಂದು ಮಿತಿ ಮೀರಿದರೂ ಕಣ್ಣು ತಪ್ಪುತ್ತದೆ. ಗಾಜಿನ ಕಾರ್ಖಾನೆಯ ಕೋಣೆಯನ್ನು ಈ ಪಟ್ಟಿಯೊಂದಿಗೆ ಹೋಲಿಸಿ ನೋಡಿದರೆ ಸೋಲು ಎಲ್ಲಿತ್ತೆಂದು ಗೊತ್ತಾಗುತ್ತದೆ. ಸಮಯ ಸಾಲದು, ಗಾತ್ರ ಸಾಲದು, ಕಣ್ಣು ದಣಿದಿದೆ. ಯಂತ್ರ ಮಾಡಿದವರು ಈ ಒಂದೊಂದು ಷರತ್ತಿಗೂ ಒಂದೊಂದು ಪರಿಹಾರ ಹುಡುಕಿದ್ದಾರೆ ಎನ್ನಬಹುದು.

ಅಕ್ಕಿಯ ಚೀಲದಲ್ಲಿರುವ ತಂತ್ರ

ಕಾರ್ಖಾನೆಗೆ ಹೋಗುವ ಮೊದಲು ಅಡುಗೆ ಮನೆಗೆ ಬನ್ನಿ. ಅಕ್ಕಿ ಆರಿಸುವುದೆಂದರೆ ಮೊದಲೆಲ್ಲ ಒಂದು ಮಧ್ಯಾಹ್ನದ ಕೆಲಸ. ಮೊರದಲ್ಲಿ ಹರಡಿಕೊಂಡು, ಬೆಳಕಿಗೆ ಮುಖ ಮಾಡಿ ಕೂತು, ಕಲ್ಲು, ನೆಲ್ಲು, ಕಪ್ಪು ಅಕ್ಕಿಗಳನ್ನು ಒಂದೊಂದಾಗಿ ತೆಗೆಯಬೇಕಿತ್ತು. ಈಗ ತರುವ ಅಕ್ಕಿಯಲ್ಲಿ ಆರಿಸಲು ಹೆಚ್ಚೇನೂ ಸಿಗುವುದಿಲ್ಲ. ಚೀಲದ ಮೇಲೆ ‘ಸಾರ್ಟೆಕ್ಸ್’ ಎಂದು ಮುದ್ರಿಸಿರುವುದನ್ನು ನೀವು ಕಂಡಿರಬಹುದು. ಅದು ಅಕ್ಕಿಯ ತಳಿಯ ಹೆಸರಲ್ಲ, ಆರಿಸುವ ಯಂತ್ರದ ಹೆಸರು. ಅಕ್ಕಿ ಜಾರುದಾರಿಯಲ್ಲಿ ಧುಮುಕುವಾಗ ಕ್ಯಾಮೆರಾ ಪ್ರತಿ ಕಾಳಿನ ಬಣ್ಣ ನೋಡುತ್ತದೆ. ಕಪ್ಪು ಕಂಡರೆ ಸಣ್ಣ ಕೊಳವೆಯೊಂದು ಫಕ್ಕನೆ ಗಾಳಿ ಊದಿ ಆ ಒಂದು ಕಾಳನ್ನು ಮಾತ್ರ ಹೊರಕ್ಕೆ ತಳ್ಳುತ್ತದೆ. ಗಾಜಿನ ಪರೀಕ್ಷೆಯೂ ಇದೇ ಕುಲದ್ದು. ಆದರೆ ಗಾಜಿನಲ್ಲಿ ದೋಷವನ್ನು ಊದಿ ಹೊರಹಾಕುವಂತಿಲ್ಲ, ಮತ್ತು ಅಕ್ಕಿಯ ಹಾಗೆ ಬಣ್ಣ ನೋಡಿ ಹೇಳುವಂತೆಯೂ ಇಲ್ಲ. ಗಾಜಿಗೂ ಗುಳ್ಳೆಗೂ ಬಣ್ಣವೇ ಇಲ್ಲವಲ್ಲ!

ಹಾಗಾಗಿ ಇಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚಿನ ಜಾಣತನ ಇರುವುದು ಬೆಳಕಿನಲ್ಲಿ. ತಣ್ಣಗಾದ ಗಾಜಿನ ಪಟ್ಟಿ ಕತ್ತರಿಸುವ ಜಾಗಕ್ಕೆ ಹೋಗುವ ಮೊದಲು ಒಂದು ಕಮಾನಿನ ಕೆಳಗೆ ಹಾದುಹೋಗುತ್ತದೆ. ಕೆಳಗೆ ಅಗಲಕ್ಕೂ ಎಲ್ಇಡಿ ದೀಪಗಳ ಸಾಲು, ಮೇಲೆ ಕ್ಯಾಮೆರಾಗಳ ಸಾಲು. ಬೆಳಕು ನೇರವಾಗಿ ಕ್ಯಾಮೆರಾ ಸೇರುವಂತೆ ಇಟ್ಟರೆ ಗಾಜೆಲ್ಲ ಬೆಳ್ಳಗೆ ಕಂಡು, ಬೆಳಕನ್ನು ಬಾಗಿಸುವ ಗುಳ್ಳೆಯೂ ಬೆಳಕನ್ನು ತಡೆಯುವ ಕಲ್ಲೂ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಬೆಳಕನ್ನು ಓರೆಯಾಗಿ ಬಿಟ್ಟು ಕ್ಯಾಮೆರಾಕ್ಕೆ ತಾಗದಂತೆ ಮಾಡಿದರೆ ಗಾಜೆಲ್ಲ ಕತ್ತಲು. ಆ ಕತ್ತಲಲ್ಲಿ ಸಣ್ಣ ಗೀರು ಕೂಡ ಬೆಳಕನ್ನು ಚೆದುರಿಸಿ ಮಿನುಗುತ್ತದೆ. ಸಂಜೆಯ ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಷೋಕೇಸಿನ ಗೀರುಗಳೆಲ್ಲ ಎದ್ದು ಕಾಣುವುದಿಲ್ಲವೇ, ಹಾಗೆಯೇ. ಡೊಂಕನ್ನು ಹಿಡಿಯಲು ಪಟ್ಟೆಪಟ್ಟೆಯಾದ ಬೆಳಕನ್ನು ಬಳಸುತ್ತಾರೆ. ಹಳೆಯ ಝೀಬ್ರಾ ಹಲಗೆಯೇ ಬೇರೆ ವೇಷದಲ್ಲಿ ಬಂದಂತಾಯಿತು.

ಕ್ಯಾಮೆರಾ ಕೂಡ ನಮ್ಮ ಮೊಬೈಲಿನದರಂತೆ ಚೌಕ ಚಿತ್ರ ತೆಗೆಯುವುದಿಲ್ಲ. ಜೆರಾಕ್ಸ್ ಅಂಗಡಿಯ ಯಂತ್ರದಲ್ಲಿ ಬೆಳಕಿನ ಗೆರೆಯೊಂದು ಹಾಳೆಯ ಉದ್ದಕ್ಕೂ ಸರಿಯುವುದನ್ನು ನೋಡಿದ್ದೀರಿ. ಇಲ್ಲಿ ಗೆರೆ ನಿಂತಿರುತ್ತದೆ, ಗಾಜು ಸರಿಯುತ್ತದೆ. ಒಂದೊಂದು ಗೆರೆಯನ್ನೂ ಓದಿ ಕಂಪ್ಯೂಟರ್ ಜೋಡಿಸುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ನೋಡಬೇಕೆಂದರೆ ನಮ್ಮ ಲೆಕ್ಕದ ಪಟ್ಟಿಯ ಅಗಲಕ್ಕೆ 35,000 ಬಿಂದುಗಳು, ಸೆಕೆಂಡಿಗೆ 2,000 ಗೆರೆಗಳು, ಒಟ್ಟು ಸೆಕೆಂಡಿಗೆ ಏಳು ಕೋಟಿ ಬಿಂದುಗಳು. ಕಣ್ಣು ಮಿಟುಕಿಸದೆ, ಚಹಾಕ್ಕೆ ಏಳದೆ, ವರ್ಷವಿಡೀ.

ಬೆಳಕನ್ನು ಹೀಗೆ ವಿದ್ಯುತ್ ಸಂಕೇತವಾಗಿ ಓದುವ ಚಿಪ್ಪನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕೆ ಅವರಿಗೆ 2009ರಲ್ಲಿ ನೊಬೆಲ್ ಬಂತು. ಗಾಜು ನೋಡುವ ಯಂತ್ರಗಳನ್ನು ಮಾಡುವ ಕಂಪೆನಿಗಳಲ್ಲಿ ಹೆಸರಾದದ್ದು ಜರ್ಮನಿಯ ಡಾರ್ಮ್‌ಸ್ಟಾಟ್‌ನ ಇಸ್ರಾ ವಿಷನ್. 1985ರಲ್ಲಿ ಹುಟ್ಟಿದ ಇದನ್ನು 2020ರಲ್ಲಿ ಸ್ವೀಡನ್ನಿನ ಅಟ್ಲಾಸ್ ಕಾಪ್ಕೊ ಕೊಂಡುಕೊಂಡಿತು.

ನೊಣ ದೋಷವಲ್ಲ

ಯಂತ್ರಕ್ಕೆ ಕಷ್ಟವಾದದ್ದು ಕಾಣುವುದಲ್ಲ, ಕಂಡದ್ದು ಏನೆಂದು ತಿಳಿಯುವುದು. ಗಾಜಿನ ಮೇಲೆ ಬಂದು ಕೂತ ನೊಣವೂ ಕಪ್ಪು ಚುಕ್ಕೆಯೇ. ಧೂಳು, ನೀರಿನ ಹನಿ, ಬಟ್ಟೆಯ ಎಳೆ ಎಲ್ಲವೂ ಚುಕ್ಕೆಗಳೇ. ಇವೆಲ್ಲ ತೊಳೆದರೆ ಹೋಗುವಂಥವು. ಪ್ರತಿ ಚುಕ್ಕೆಗೂ ಗಾಜನ್ನು ಒಡೆಯುತ್ತಾ ಹೋದರೆ ಕಾರ್ಖಾನೆ ಮುಚ್ಚಬೇಕಾದೀತು. ಆದ್ದರಿಂದಲೇ ಒಂದೇ ಜಾಗವನ್ನು ಹಲವು ಬಗೆಯ ಬೆಳಕಿನಲ್ಲಿ ನೋಡುತ್ತಾರೆ. ಗಾಜಿನೊಳಗಿನ ಕಲ್ಲು ತನ್ನ ಸುತ್ತಲಿನ ಗಾಜನ್ನೂ ಎಳೆದು ಡೊಂಕು ಮಾಡಿರುತ್ತದೆ, ಮೇಲಿನ ಧೂಳಿಗೆ ಆ ಶಕ್ತಿಯಿಲ್ಲ. ಈ ವ್ಯತ್ಯಾಸವನ್ನು ಮೊದಲೆಲ್ಲ ಇಂಜಿನಿಯರುಗಳು ನಿಯಮಗಳಾಗಿ ಬರೆದು ಕೊಡುತ್ತಿದ್ದರು. ಈಗ ಸಾವಿರಾರು ದೋಷಗಳ ಚಿತ್ರಗಳನ್ನು ತೋರಿಸಿ, ಇದು ಗುಳ್ಳೆ, ಇದು ಕಲ್ಲು, ಇದು ಬರೀ ಧೂಳು ಎಂದು ಕಂಪ್ಯೂಟರಿಗೆ ಕಲಿಸುತ್ತಾರೆ. ಆ ಚಿತ್ರಗಳನ್ನು ವಿಂಗಡಿಸಿ ಹೆಸರು ಹೇಳಿಕೊಡಬೇಕಾದವರು ಪಳಗಿದ ಕಣ್ಣಿನ ಕೆಲಸಗಾರರು. ಕತ್ತಲ ಕೋಣೆಯಲ್ಲಿ ಕೂರುವ ಕೆಲಸ ಹೋಯಿತೆಂದು ನನಗೇನೂ ವ್ಯಥೆಯಿಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಕೂತು ಗಳಿಸಿದ ಅರಿವಿಗೆ ಬೆಲೆ ಕೊಡದೆ ಆ ಜನರನ್ನು ಮನೆಗೆ ಕಳಿಸಿದರೆ ಯಂತ್ರಕ್ಕೆ ಪಾಠ ಹೇಳುವವರು ಯಾರು?

ದೋಷ ಎಲ್ಲಿದೆಯೆಂದು ಯಂತ್ರ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳುತ್ತದೆ. ಸ್ವಲ್ಪ ಮುಂದೆ ಕತ್ತರಿಸುವ ಚಕ್ರಗಳಿಗೆ ಆ ನಕ್ಷೆ ತಲಪುತ್ತದೆ. ಬಟ್ಟೆಯಲ್ಲೊಂದು ತೂತು ಕಂಡರೆ ನಾವು ಇಡೀ ಬಟ್ಟೆ ಎಸೆಯುವುದಿಲ್ಲ, ತೂತು ಬಾರದಂತೆ ತೋಳನ್ನೋ ಕಾಲರನ್ನೋ ಕತ್ತರಿಸಿಕೊಳ್ಳುತ್ತೇವೆ. ಇಲ್ಲೂ ಅದೇ ಲೆಕ್ಕ. ದೋಷವಿಲ್ಲದ ಭಾಗ ದೊಡ್ಡ ಹಾಳೆಗಳಾಗಿ ಕನ್ನಡಿಗೂ ಕಾರಿಗೂ ಹೋಗುತ್ತದೆ. ಚಿಕ್ಕ ಕುಂದಿನ ಗಾಜು ಸಾಮಾನ್ಯ ಬಳಕೆಗೆ. ಉಳಿದದ್ದು ಅಲ್ಲೇ ಕೆಳಗೆ ಬಿದ್ದು ಪುಡಿಯಾಗಿ ಮತ್ತೆ ಕುಲುಮೆಗೆ. ಅದೂ ನಷ್ಟವಲ್ಲ, ಒಡೆದ ಗಾಜು ಸೇರಿಸಿದರೆ ಹೊಸ ಮರಳು ಬೇಗ ಕರಗಿ ಇಂಧನ ಉಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಯಂತ್ರ ದೋಷವನ್ನು ಹಿಡಿಯುವುದಷ್ಟೇ ಅಲ್ಲ, ರೋಗ ಎಲ್ಲಿದೆ ಎಂದೂ ಸೂಚಿಸುತ್ತದೆ. ಮೇಲ್ಮೈಯಲ್ಲಿ ತವರದ ಚುಕ್ಕೆಗಳು ಹೆಚ್ಚಾದರೆ ಕೊಳದ ಛಾವಣಿ ಶುಚಿ ಮಾಡುವ ಕಾಲ ಬಂತು. ಪಟ್ಟಿಯ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಲ್ಲು ಬಂದರೆ ಕುಲುಮೆಯ ಒಂದು ಕಡೆಯ ಇಟ್ಟಿಗೆ ಸವೆಯುತ್ತಿರಬಹುದು. ಹಕೀಮರು ನಾಡಿ ಹಿಡಿದು ಹೊಟ್ಟೆಯ ಸುದ್ದಿ ಹೇಳುವಂತೆ, ಒಳಗೆ ಇಣುಕಲಾಗದ ಕುಲುಮೆಯ ಸುದ್ದಿಯನ್ನು ಗಾಜು ಹೊರಗೆ ತರುತ್ತದೆ.

ಆದರೆ ಎಷ್ಟು ದೊಡ್ಡ ಗುಳ್ಳೆಯನ್ನು ದೋಷವೆನ್ನಬೇಕು? ಇದನ್ನು ಯಂತ್ರ ನಿರ್ಧರಿಸುವುದಿಲ್ಲ. ಕನ್ನಡಿಯಲ್ಲಿ ಬೆಳಕು ಗಾಜನ್ನು ಎರಡು ಬಾರಿ ದಾಟುವುದರಿಂದ ಕುಂದು ಇಮ್ಮಡಿಯಾಗುತ್ತದೆ, ಅಲ್ಲಿ ಕಟ್ಟುನಿಟ್ಟು ಹೆಚ್ಚು. ಕಾರಿನ ಮುಂಭಾಗದ ಗಾಜು ಓರೆಯಾಗಿ ಕೂರುವುದರಿಂದ ಅಲ್ಲೂ ಹಾಗೆಯೇ. ಬಚ್ಚಲಿನ ಸಣ್ಣ ಕಿಟಕಿಗೆ ಅಷ್ಟು ಬೇಡ. ಇಂಥಿಂಥ ಗಾತ್ರದ ಇಷ್ಟು ಕುಂದುಗಳಿದ್ದರೆ ಸ್ವೀಕಾರ, ಹೆಚ್ಚಿದ್ದರೆ ತಿರಸ್ಕಾರ ಎಂದು ಮಾನಕಗಳಿವೆ. ನಮ್ಮ ದೇಶದಲ್ಲಿ ಪಾರದರ್ಶಕ ಫ್ಲೋಟ್ ಗಾಜಿಗೆ ಇರುವುದು ಐಎಸ್ 14900. ಮಾನಕ ಮಾಡುವವರೂ ಯಂತ್ರಕ್ಕೆ ಮಿತಿ ತುಂಬಿಸುವವರೂ ಮನುಷ್ಯರೇ. ಮಾಲು ಹೆಚ್ಚು ಬೇಕೆಂದು ಮಿತಿಯನ್ನು ಸಡಿಲ ಮಾಡಿದರೆ ಆ ದಣಿಯದ ಕಣ್ಣು ಕಂಡೂ ಕಾಣದಂತೆ ಬಿಟ್ಟುಬಿಡುತ್ತದೆ.

ಯಂತ್ರಕ್ಕೂ ಸಿಗದ ಕಣ

ಪರಿಚಯದ ಮನೆಯೊಂದರಲ್ಲಿ ಊಟದ ಮೇಜಿನ ಗಾಜು ನಡುರಾತ್ರಿ ಪಟಾಕಿಯಂತೆ ಸಿಡಿದು ಕಲ್ಲುಸಕ್ಕರೆಯ ಹರಳಿನಂತೆ ನೆಲವಿಡೀ ಚೆಲ್ಲಿತ್ತು. ಯಾರೂ ಮುಟ್ಟಿರಲಿಲ್ಲ, ಏನೂ ಬಿದ್ದಿರಲಿಲ್ಲ. ಮನೆಯವರು ದೃಷ್ಟಿ ತಾಗಿತೆಂದು ಒಂದು ವಾರ ಕಳವಳಪಟ್ಟರು. ಇಂಥ ಘಟನೆಗೆ ಅಂಚಿನ ಪೆಟ್ಟು ಕಾರಣವಾಗಿರಬಹುದು, ಇನ್ನೊಂದು ಕಾರಣವೂ ಇರಬಹುದು.

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 1958ರಲ್ಲಿ ಐಸಿಐ ಹೌಸ್ ಎಂಬ ಗಾಜಿನ ಹೊದಿಕೆಯ ಎತ್ತರದ ಕಟ್ಟಡ ಎದ್ದಿತು. ಅದರ ಗಾಜುಗಳು ಕಾರಣವಿಲ್ಲದೆ ಒಡೆಯತೊಡಗಿದವು. ಬ್ಯಾಲಂಟೈನ್ ಎಂಬ ಸಂಶೋಧಕರು ಚೂರುಗಳನ್ನು ಪರೀಕ್ಷಿಸಿ 1961ರಲ್ಲಿ ಕಾರಣ ತಿಳಿಸಿದರು: ನಿಕಲ್ ಸಲ್ಫೈಡ್ ಎಂಬ ಕಣ. ಸ್ಟೀಲಿನ ಚೂರಿನಂಥ ಯಾವುದರಿಂದಲೋ ಬಂದ ನಿಕಲ್, ಕುಲುಮೆಯಲ್ಲಿರುವ ಗಂಧಕದೊಂದಿಗೆ ಸೇರಿ ಇದು ಹುಟ್ಟುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಇದ್ದರೂ ಸಾಕು. ಸಾಮಾನ್ಯ ಗಾಜಿನಲ್ಲಿ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಟಫನ್ಡ್ ಗಾಜಿನಲ್ಲಿ.

ಟಫನ್ಡ್ ಎಂದರೆ ಗಾಜನ್ನು 600 ಡಿಗ್ರಿ ದಾಟಿಸಿ ಕಾಯಿಸಿ, ಜೋರಾದ ಗಾಳಿ ಊದಿ ತಟ್ಟನೆ ತಣಿಸುವುದು. ಆಗ ಹೊರಮೈ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಒಳಗೆ ಎಳೆತ ಉಳಿಯುತ್ತದೆ. ಗಾಜು ನಾಲ್ಕೈದು ಪಟ್ಟು ಬಲವಾಗುತ್ತದೆ, ಒಡೆದರೂ ಕತ್ತಿಯಂಥ ತುಂಡುಗಳಾಗುವುದಿಲ್ಲ. ಆದರೆ ಆ ಅವಸರದ ತಣಿಸುವಿಕೆಯಲ್ಲಿ ನಿಕಲ್ ಸಲ್ಫೈಡ್ ಕಣ ತನ್ನ ಬಿಸಿ ಕಾಲದ ರೂಪದಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ತಣ್ಣನೆಯ ರೂಪಕ್ಕೆ ತಿರುಗುತ್ತಾ ನೂರಕ್ಕೆ ಎರಡರಿಂದ ನಾಲ್ಕರಷ್ಟು ಉಬ್ಬುತ್ತದೆ. ಎಳೆತವಿರುವ ನಡುಭಾಗದಲ್ಲಿ ಅದು ಕೂತಿದ್ದರೆ ಒಂದು ದಿನ ಗಾಜು ತಾನಾಗಿ ಸಿಡಿಯುತ್ತದೆ.

ಕಾರ್ಖಾನೆಯ ಕ್ಯಾಮೆರಾ ಇಂಥ ಕಣಗಳಲ್ಲಿ ದೊಡ್ಡವನ್ನು ಹಿಡಿದೀತು. ಎಲ್ಲವನ್ನೂ ಹಿಡಿಯಲಾರದು, ಅಷ್ಟು ಚಿಕ್ಕದರಲ್ಲಿ ಇದನ್ನು ಉಳಿದ ಚುಕ್ಕೆಗಳಿಂದ ಬೇರೆ ಮಾಡಿ ಗುರುತಿಸುವುದೂ ಕಷ್ಟ. ಅದಕ್ಕೆ ಕಣ್ಣಿನದಲ್ಲದ ಬೇರೆ ಪರೀಕ್ಷೆ ಇದೆ. ಟಫನ್ಡ್ ಮಾಡಿದ ಗಾಜನ್ನು ಮತ್ತೆ ಒಲೆಯಲ್ಲಿಟ್ಟು 250 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಕೆಲವು ಗಂಟೆ ಬಿಡುತ್ತಾರೆ. ಕಣ ಉಬ್ಬುವುದು ಅಲ್ಲೇ ಬೇಗ ನಡೆದು, ಒಡೆಯಬೇಕಾದದ್ದು ಅಲ್ಲೇ ಒಡೆಯುತ್ತದೆ. ಇದನ್ನು ಹೀಟ್ ಸೋಕ್ ಎನ್ನುತ್ತಾರೆ.

ಕಾರ್ಖಾನೆಯಿಂದ ಮನೆಯವರೆಗೆ

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸೆಕೆಂಡಿಗೆ ಕೋಟಿಗಟ್ಟಲೆ ಬಿಂದು ನೋಡುವ ಆ ಕಣ್ಣು ಗಾಜಿನ ಜೊತೆ ನಮ್ಮ ಮನೆಯವರೆಗೆ ಬರುವುದಿಲ್ಲ. ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಗಾಜು ಲಾರಿ ಹತ್ತುತ್ತದೆ, ಸಗಟು ವ್ಯಾಪಾರಿಯ ಗೋದಾಮಿನಲ್ಲಿ ನಿಲ್ಲುತ್ತದೆ, ಇನ್ನೊಂದು ಕಡೆ ಅಳತೆಗೆ ಕತ್ತರಿಸಿಕೊಂಡು, ತೂತು ಕೊರೆಸಿಕೊಂಡು, ಟಫನ್ಡ್ ಆಗಿ ಬರುತ್ತದೆ. ಚಿಕ್ಕ ಘಟಕಗಳಲ್ಲಿ ಅಂಚನ್ನು ನೋಡುವುದು ಮತ್ತೆ ಮನುಷ್ಯನ ಕಣ್ಣೇ, ದಿನದ ಕೊನೆಯ ದಣಿದ ಕಣ್ಣು. ಟಫನ್ಡ್ ಗಾಜಿನ ಜೀವ ಇರುವುದು ಅಂಚಿನಲ್ಲಿ. ನಡುವೆ ಏಟು ತಡೆದೀತು, ಅಂಚಿಗೆ ತಗಲಿದ ಸಣ್ಣ ಪೆಟ್ಟನ್ನು ತಡೆಯದು.

ಗಾಜಿನ ಒಲೆ ಇರುವ ಸಹೋದರಿಯರು ಇದನ್ನು ನೆನಪಿಡಬೇಕು. ಅಂಚಿನಲ್ಲಾಗಲಿ, ಬರ್ನರಿನ ತೂತಿನ ಸುತ್ತಲಾಗಲಿ ಚಿಪ್ಪೆದ್ದ ಗುರುತು ಕಂಡರೆ ಆ ಗಾಜನ್ನು ಬದಲಾಯಿಸಿ, ಟೇಪು ಅಂಟಿಸಿ ದಿನ ದೂಡಬೇಡಿ. ಬಿಸಿ ಇರುವಾಗ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹಬ್ಬದ ದಿನ ಬಿರಿಯಾನಿಯ ಅಗಲದ ಪಾತ್ರೆ ಇಟ್ಟರೆ ಉರಿ ಪಾತ್ರೆಯ ತಳಕ್ಕೆ ಬಡಿದು ಗಾಜಿನ ಮೇಲೆಯೇ ಹರಡುತ್ತದೆ, ಅದಕ್ಕೆ ನೆಲದ ಮೇಲಿನ ಒಲೆಯೇ ಸರಿ.

ಹೊಸದಾಗಿ ಮೇಜಿಗೋ ಬಚ್ಚಲಿನ ಬಾಗಿಲಿಗೋ ಟಫನ್ಡ್ ಗಾಜು ತರುವುದಿದ್ದರೆ ಮೂಲೆಯಲ್ಲಿ ಅಳಿಸಲಾಗದಂತೆ ಮೂಡಿಸಿದ ತಯಾರಕರ ಗುರುತು ಮತ್ತು ಸುರಕ್ಷಾ ಗಾಜಿನ ಮಾನಕವಾದ ಐಎಸ್ 2553 ಇದೆಯೇ ನೋಡಿ. ಟಫನ್ಡ್ ಆದ ಮೇಲೆ ಗಾಜನ್ನು ಕತ್ತರಿಸಲಾಗದು. ಆದ್ದರಿಂದ ‘ಇಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತೇನೆ’ ಎಂದು ಅಂಗಡಿಯವರು ಹೇಳಿದರೆ ಅದು ಟಫನ್ಡ್ ಅಲ್ಲ. ಹೀಟ್ ಸೋಕ್ ಮಾಡಿಸಿದ್ದೇ ಎಂದೂ ಕೇಳಿ, ಬೆಲೆ ಸ್ವಲ್ಪ ಹೆಚ್ಚಾಗುತ್ತದೆ. ತಲೆಯ ಮೇಲೆ ಬರುವ ಗಾಜಾದರೆ, ಅಂದರೆ ಅಂಗಳದ ಮಾಡಿಗೆ ಅಥವಾ ಮೆಟ್ಟಿಲ ಮೇಲಿನ ಬೆಳಕಿಂಡಿಗೆ, ಬರೀ ಟಫನ್ಡ್ ಸಾಲದು. ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಎರಡು ಗಾಜುಗಳನ್ನು ಅಂಟಿಸಿದ ಲ್ಯಾಮಿನೇಟೆಡ್ ಗಾಜನ್ನೇ ಹಾಕಿಸಿ. ಅದು ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತವೆ.